ಮೂರು ಕುರ್ಚಿ ಸಲೂನಿಗೆ ಯಾವ ಬಿಲ್ಲಿಂಗ್ ಸಾಫ್ಟ್‌ವೇರ್?

ಕುವೆಂಪುನಗರದಲ್ಲಿ ಮೂರು ಕುರ್ಚಿ ಸಲೂನ್, ಇಬ್ಬರು ಕೆಲಸದವರು, ದಿನಸಿ ಅಂಗಡಿಯವರ ಬಿಲ್ಲಿಂಗ್ ಮಷೀನೇ ಸಾಕಾ ಅಂತ ಕೇಳಿದ್ದೀರಿ. ಸುಮ್ನೆ ಬಿಲ್ ಹರಿದುಕೊಡೋಕೆ ಸಾಕು ಸರ್. ಆದರೆ ಸಲೂನಿನಲ್ಲಿ ನಿಜವಾದ ತಲೆನೋವು ಕೆಲಸದವರ ಕಮಿಷನ್. ಒಬ್ಬರೇ ಗಿರಾಕಿಗೆ ಒಬ್ಬ ಕಟಿಂಗ್ ಮಾಡುತ್ತಾನೆ, ಇನ್ನೊಬ್ಬ ಕಲರ್ ಹಚ್ಚುತ್ತಾನೆ. ಬಿಲ್ಲಿನ ಪ್ರತಿ ಸಾಲಿಗೂ ಬೇರೆ ಹೆಸರು ಹಾಕೋಕೆ ಬರಬೇಕು. ಇಲ್ಲದಿದ್ದರೆ ತಿಂಗಳ ಕೊನೆಗೆ ಜಗಳ ಗ್ಯಾರಂಟಿ. ಡೆಮೋದಲ್ಲಿ ಮೊದಲು ಇದನ್ನೇ ಮಾಡಿಸಿ: ಕಟಿಂಗ್ 200, ಕಲರ್ 800, ಇಬ್ಬರ ಹೆಸರು, ಅರ್ಧ ನಗದು, ಅರ್ಧ ಯುಪಿಐ. ಮಾರುವವರು ಇಲ್ಲೇ ತಡವರಿಸಿದರೆ ಬೇಡ ಅಂದುಬಿಡಿ.

ವರ್ಷದ ವಹಿವಾಟು 20 ಲಕ್ಷ ದಾಟದಿದ್ದರೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ. ನೋಂದಣಿ ಇಲ್ಲದೆ ಬಿಲ್ಲಿನಲ್ಲಿ ಜಿಎಸ್‌ಟಿ ಹಾಕುವ ಹಾಗೂ ಇಲ್ಲ. ನಗದು, ಯುಪಿಐ ಎರಡೂ ಆ 20 ಲಕ್ಷದ ಲೆಕ್ಕಕ್ಕೆ ಬರುತ್ತವೆ. ನೋಂದಣಿ ಇದ್ದರೆ, 2025ರ ಸೆಪ್ಟೆಂಬರ್ 22ರಿಂದ ಸಲೂನ್ ಸೇವೆಗೆ ಶೇ 18ರ ಬದಲು ಶೇ 5, ಇನ್‌ಪುಟ್ ಕ್ರೆಡಿಟ್ ಇಲ್ಲ, ಅಂದರೆ ನೀವು ಖರೀದಿಗೆ ಕೊಟ್ಟ ಜಿಎಸ್‌ಟಿಯನ್ನು ಇದರಲ್ಲಿ ಕಳೆಯೋಕೆ ಬರಲ್ಲ. ಹಳೇ ಸಾಫ್ಟ್‌ವೇರಿನಲ್ಲಿ ಇನ್ನೂ 18 ಕೂತಿರಬಹುದು, ನೋಡಿಕೊಳ್ಳಿ. ಶಾಂಪೂ, ಕ್ರೀಮ್ ಮಾರಿದರೆ ಅದಕ್ಕೆ ಬೇರೆ ಸಾಲು.

ಪ್ರಿಂಟರ್ 2 ಇಂಚಿನ ಥರ್ಮಲ್ ಸಾಕು, ಹೇಗೂ ಜಾಸ್ತಿ ಜನ ವಾಟ್ಸಾಪಿನಲ್ಲೇ ಬಿಲ್ ಕೇಳುತ್ತಾರೆ. ಭಾನುವಾರದ ರಶ್‌ನಲ್ಲಿ ನೆಟ್ ಹೋದರೂ ಬಿಲ್ ಆಗಬೇಕು. ಗಿರಾಕಿಗಳ ಪಟ್ಟಿ ಎಕ್ಸೆಲ್‌ನಲ್ಲಿ ನಿಮ್ಮ ಕೈಗೆ ಸಿಗಬೇಕು, ನಾಳೆ ಕಂಪನಿ ಬದಲಿಸುವಾಗ ಬೇಕಾಗುತ್ತದೆ.

ಮಂಗಳವಾರ ರಜೆ ಅಲ್ವಾ? ಅವತ್ತೇ ಡೆಮೋಗೆ ಕರೆಸಿ. ಹುಡುಗರು ಗೊಣಗಿದರೂ ಜೊತೆಗೆ ಕೂರಿಸಿ, ಬಿಲ್ ಹಾಕುವವರು ಅವರೇ ತಾನೇ.