ಕಾರು ಗುದ್ದಿದ ಮೇಲೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ನಿಂತಿದ್ದ ಕಾರಿನವರು ಹಿಂದೆ ನೋಡದೆ ಬಾಗಿಲು ತೆಗೆದರು, ಬೈಕ್ ಸಮೇತ ಬಿದ್ದೆ. 3,000 ರೂ. ಕೊಟ್ಟು ‘ಕಂಪ್ಲೇಂಟ್ ಇಲ್ಲ’ ಅಂತ ಬರೆಸಿಕೊಂಡರು. ಆಮೇಲೆ ಎಕ್ಸ್‌ರೇ ತೆಗೆಸಿದರೆ ಕಾಲರ್ ಬೋನ್ ಮುರಿದಿದೆ. ಈಗ ದೂರು ಕೊಡಬಹುದೇ?
– ಓದುಗರು, ಗುಬ್ಬಿ

ಉತ್ತರ: ಕೊಡಿ. ಮೂರು ಸಾವಿರಕ್ಕೆ ನೀವು ಭುಜ ಮಾರಿದ್ದೇನಲ್ಲ. ಮೂಳೆ ಮುರಿದರೆ ಕಾನೂನಿನ ಲೆಕ್ಕದಲ್ಲಿ ಅದು ತೀವ್ರ ಗಾಯ. ಭಾರತೀಯ ನ್ಯಾಯ ಸಂಹಿತೆಯ 281 ಮತ್ತು 125(ಬಿ) ಕಲಂ ಅನ್ವಯಿಸುತ್ತವೆ. ಹಣ ಪಡೆದದ್ದನ್ನು ಮುಚ್ಚಿಡಬೇಡಿ, ತಡ ಏಕಾಯಿತು ಎಂಬುದರ ಜೊತೆಗೆ ಅದನ್ನೂ ದೂರಿನಲ್ಲೇ ಬರೆಯಿರಿ. ಎಫ್‌ಐಆರ್ ತಡವಾಯಿತು ಎಂಬ ಒಂದೇ ಕಾರಣಕ್ಕೆ ಪರಿಹಾರ ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

ಕೇಸ್ ಕೆಡುವುದು ಹೆಚ್ಚಾಗಿ ಆಸ್ಪತ್ರೆಯಲ್ಲಿ. ಪೊಲೀಸ್ ರಗಳೆ ಬೇಡವೆಂದು ‘ಜಾರಿ ಬಿದ್ದೆ’ ಅಂದುಬಿಟ್ಟರೆ ಡಾಕ್ಟರು ಅದನ್ನೇ ಬರೆಯುತ್ತಾರೆ. ಮುಂದೆ ವಿಮಾ ಕಂಪನಿಯ ವಕೀಲರು ಮೊದಲು ಎತ್ತಿ ತೋರಿಸುವುದೂ ಆ ಸಾಲನ್ನೇ. ‘ರಸ್ತೆ ಅಪಘಾತ, ಕಾರಿನ ಬಾಗಿಲು ತಾಗಿ’ ಎಂದೇ ಹೇಳಿ, ಎಂಎಲ್‌ಸಿ (ಪೊಲೀಸರಿಗೆ ತಿಳಿಸುವ ಆಸ್ಪತ್ರೆಯ ಗಾಯದ ದಾಖಲೆ) ಮಾಡಿಸಿ. ಕಾರು ನಿಂತಿತ್ತಲ್ಲ ಎಂಬ ವಾದಕ್ಕೆ ಹೆದರಬೇಕಿಲ್ಲ, ನಿಂತ ವಾಹನವೂ ‘ಬಳಕೆ’ಯಲ್ಲಿದ್ದಂತೆಯೇ. ಕಾರಿನ ನಂಬರ್ ಇದ್ದರೆ ಎಂಪರಿವಾಹನ್ ಆ್ಯಪ್‌ನಲ್ಲಿ ವಿಮೆ ಚಾಲ್ತಿಯಲ್ಲಿದೆಯೇ ಎಂದು ಈಗಲೇ ನೋಡಿಕೊಳ್ಳಿ. ಪರಿಹಾರದ ಅರ್ಜಿಯನ್ನು ಅಪಘಾತವಾದ 6 ತಿಂಗಳೊಳಗೆ ತುಮಕೂರಿನ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹಾಕಿ.

ಪ್ರಶ್ನೆ: ಎದುರಿನ ಕಾರು ಇಂಡಿಕೇಟರ್ ಹಾಕದೆ ಬಲಕ್ಕೆ ತಿರುಗಿ ನನ್ನ 125 ಸಿಸಿ ಬೈಕಿಗೆ ಗುದ್ದಿತು. ಈಗ ಹ್ಯಾಂಡಲ್ ಓರೆ ಹಿಡಿದರೆ ಮಾತ್ರ ಗಾಡಿ ನೇರ ಹೋಗುತ್ತದೆ. ಮೆಕ್ಯಾನಿಕ್ ‘ಫೋರ್ಕ್ ಪೈಪ್ (ಮುಂದಿನ ಚಕ್ರ ಹಿಡಿದಿರುವ ಕೊಳವೆ) ಬೆಂಡ್ ತೆಗೆದರೆ ಸಾಕು’ ಅನ್ನುತ್ತಾರೆ.
– ಓದುಗರು, ಕುಣಿಗಲ್

ಉತ್ತರ: ದೂರು ಕೊಟ್ಟಿದ್ದರೆ ಆರ್‌ಟಿಒ ಇನ್‌ಸ್ಪೆಕ್ಟರ್ ನೋಡಿ ವರದಿ ಬರೆಯುವವರೆಗೆ ಸ್ಪ್ಯಾನರ್ ಮುಟ್ಟಿಸಬೇಡಿ. ನಾಲ್ಕೂ ಕಡೆಯಿಂದ ಫೋಟೋ ತೆಗೆದಿಡಿ, ಕಾರಿನ ಬಣ್ಣ ಮೆತ್ತಿಕೊಂಡ ಜಾಗದ್ದು ಹತ್ತಿರದಿಂದ.

ಆಮೇಲೆ ರಿಪೇರಿ. ಒಮ್ಮೊಮ್ಮೆ ಪೈಪ್ ಬೆಂಡೇ ಆಗಿರುವುದಿಲ್ಲ, ಅದನ್ನು ಹಿಡಿದಿಡುವ ಕ್ಲ್ಯಾಂಪಿನೊಳಗೆ ತಿರುಚಿಕೊಂಡಿರುತ್ತದೆ. ಆಕ್ಸಲ್ ನಟ್, ಕ್ಲ್ಯಾಂಪ್ ಬೋಲ್ಟ್ ಸಡಿಲಿಸಿ, ಮುಂದಿನ ಚಕ್ರವನ್ನು ಮೊಣಕಾಲ ನಡುವೆ ಹಿಡಿದು ಹ್ಯಾಂಡಲ್ ನೇರ ಮಾಡಿ ಮತ್ತೆ ಬಿಗಿಯಬೇಕು. ಓರೆ ಹೋಗಲಿಲ್ಲವೇ, ಪೈಪ್ ಬಿಚ್ಚಿಸಿ ದಪ್ಪ ಗಾಜಿನ ಮೇಲೆ ಉರುಳಿಸಿ. ಅಡಿಯಲ್ಲಿ ಬೆಳಕು ಒಮ್ಮೆ ಕಂಡು ಒಮ್ಮೆ ಮರೆಯಾದರೆ ಬೆಂಡ್ ಖಚಿತ. ಬೆಂಡ್ ಅಳೆಯುವ ಡಯಲ್ ಗೇಜ್ ಇದ್ದರೆ ಇನ್ನೂ ಒಳ್ಳೆಯದು. ಅನೇಕ ಬೈಕ್‌ಗಳಿಗೆ ಮಿತಿ ಬರೀ 0.2 ಮಿ.ಮೀ.

ಪ್ರೆಸ್‌ನಲ್ಲಿ ಒತ್ತಿ ನೇರ ಮಾಡಿದ ಪೈಪನ್ನು ನಾವು ಒಪ್ಪುವುದಿಲ್ಲ. ಬಾಗಿದ ಕಡೆ ಕ್ರೋಮ್ ಸಣ್ಣಗೆ ಬಿರುಕು ಬಿಟ್ಟು ಆಯಿಲ್ ಸೀಲನ್ನು ಕೊಯ್ಯುತ್ತದೆ, ಆಯಿಲ್ ಸೋರಿ ಡಿಸ್ಕ್‌ಗೆ ಹತ್ತಿದರೆ ಬ್ರೇಕ್ ಹಿಡಿಯುವುದಿಲ್ಲ. ಗ್ಯಾಸಿನಲ್ಲಿ ಕಾಯಿಸಿದರಂತೂ ಉಕ್ಕಿನ ಗಟ್ಟಿತನವೇ ಹೋಯಿತು. ಎರಡೂ ಹೊಸ ಪೈಪ್ ಹಾಕಿಸಿ. ಅವು ಕೈಯಲ್ಲೇ ಸಲೀಸಾಗಿ ಏರಬೇಕು. ಸುತ್ತಿಗೆ ಬೇಕಾಯಿತೆಂದರೆ ಟಿ (ಎರಡೂ ಪೈಪ್ ಹಿಡಿದಿಡುವ ಕ್ಲ್ಯಾಂಪ್) ಬಾಗಿದೆ. ಮುಂಭಾಗ ಎತ್ತಿ ಹ್ಯಾಂಡಲ್ ನಿಧಾನ ತಿರುಗಿಸಿ: ನಡುವೆ ಟಕ್ ಅಂತ ಕೂತರೆ ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಬದಲಿಸಿ. ಕೊನೆಗೆ ಹಿಂದಿನ ಟೈರಿನ ಎರಡೂ ಬದಿಗೆ ತಾಗಿಸಿ ಮುಂದಕ್ಕೆ ದಾರ ಎಳೆದಾಗ ಮುಂದಿನ ಟೈರಿನ ಎಡಬಲದ ಸಂದು ಒಂದೇ ಇರಬೇಕು. ಇಲ್ಲದಿದ್ದರೆ ಟ್ಯಾಂಕ್ ಬಿಚ್ಚಿಸಿ, ಚಾಸಿಯ ಕತ್ತಿನ ವೆಲ್ಡಿಂಗ್ ಬಳಿ ಪೇಂಟ್ ಸೀಳಿದೆಯೇ ನೋಡಿ.

ಅಂದು ನೆಲಕ್ಕೆ ಬಡಿದ ಹೆಲ್ಮೆಟ್ಟೂ ಬದಲಾಗಬೇಕು. ಒಳಗಿನ ಥರ್ಮೋಕೋಲ್ ಒಮ್ಮೆ ಒತ್ತಿಕೊಂಡರೆ ಮತ್ತೆ ಉಬ್ಬುವುದಿಲ್ಲ.

ಪ್ರಶ್ನೆ: ರಾತ್ರಿ ಕ್ಯಾತ್ಸಂದ್ರದ ಬಳಿ ಗುದ್ದಿದ ಕಾರು ನಿಲ್ಲಿಸಲೇ ಇಲ್ಲ. ನಂಬರ್ ಗೊತ್ತಿಲ್ಲ.
– ಓದುಗರು, ತುಮಕೂರು

ಉತ್ತರ: 2022ರ ಹಿಟ್ ಆ್ಯಂಡ್ ರನ್ ಯೋಜನೆಯಲ್ಲಿ ತೀವ್ರ ಗಾಯಕ್ಕೆ 50,000 ರೂ., ಸಾವಿಗೆ 2 ಲಕ್ಷ ರೂ. ಇದೆ. ಎಫ್‌ಐಆರ್, ಆಸ್ಪತ್ರೆ ದಾಖಲೆ, ಬ್ಯಾಂಕ್ ವಿವರದೊಂದಿಗೆ ತಾಲ್ಲೂಕು ಕಚೇರಿಯಲ್ಲಿ ಅರ್ಜಿ ಕೊಡಿ. ಮುಂದೆ ಕಾರು ಸಿಕ್ಕಿ ನ್ಯಾಯಮಂಡಳಿಯಿಂದ ಪರಿಹಾರ ಬಂದರೆ ಈ ಹಣವನ್ನು ಅದರಲ್ಲಿ ಮುರಿದುಕೊಳ್ಳುತ್ತಾರೆ.