ಒಂದೇ ತಂತ್ರಾಂಶ ಕೊಂಡರೆ ಸಾಲದೇ?

ಓದುಗರ ಪತ್ರ: “ನಮ್ಮದು ಮೂರು ಆಸ್ಪತ್ರೆ, ಎರಡು ಲ್ಯಾಬ್‌ಗಳ ಕೂಟ. ರೋಗಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋದರೆ ದಾಖಲೆ ಪಿಡಿಎಫ್ ಆಗಿ ಬರುತ್ತದೆ, ಮತ್ತೆ ಕೈಯಲ್ಲಿ ತುಂಬಬೇಕು. ಎಲ್ಲರೂ ಒಂದೇ ತಂತ್ರಾಂಶ ಕೊಂಡರೆ ಈ ರಗಳೆ ಮುಗಿಯುವುದಿಲ್ಲವೇ?”

ಸಂಪಾದಕರ ಉತ್ತರ: ಮುಗಿಯುವುದಿಲ್ಲ. ತಂತ್ರಾಂಶ ಒಂದೇ ಆದರೂ ಅದರೊಳಗಿನ ಪರೀಕ್ಷೆಗಳ ಪಟ್ಟಿಯನ್ನು ಆಯಾ ಆಸ್ಪತ್ರೆಯವರೇ ತಮಗೆ ತೋಚಿದಂತೆ ತುಂಬಿಕೊಂಡಿರುತ್ತಾರೆ. ತೊಡಕು ಇರುವುದು ಅಲ್ಲಿ.

ಖಾಲಿ ಹೊಟ್ಟೆಯ ಸಕ್ಕರೆಯನ್ನೇ ನೋಡಿ. ಒಂದು ಲ್ಯಾಬ್ ‘ಎಫ್‌ಬಿಎಸ್ 126’ ಎಂದು ಕಳಿಸುತ್ತದೆ, ಇನ್ನೊಂದು ‘ಗ್ಲೂಕೋಸ್-ಎಫ್ 7.0’ ಎಂದು. ಎರಡೂ ಒಂದೇ ಫಲಿತಾಂಶ. ಮೊದಲನೆಯದು ಡೆಸಿಲೀಟರಿಗೆ ಮಿಲಿಗ್ರಾಂ, ಎರಡನೆಯದು ಲೀಟರಿಗೆ ಮಿಲಿಮೋಲ್. 18ರಿಂದ ಭಾಗಿಸಿದರೆ ಅದು ಇದಾಗುತ್ತದೆ. ಯೂನಿಟ್ ಬಿಟ್ಟು ಬರೀ ಅಂಕಿ ದಾಟಿದರೆ ಗ್ರಾಫ್‌ನಲ್ಲಿ ಸಕ್ಕರೆ ಪಾತಾಳಕ್ಕಿಳಿದಂತೆ ಕಾಣುತ್ತದೆ. ಲ್ಯಾಬ್ ಪರೀಕ್ಷೆಗಳಿಗೆ ಎಲ್ಲೆಡೆ ಒಂದೇ ಗುರುತು ಇರಲೆಂದು ಮಾಡಿದ ಲಾಯಿಂಕ್ ಕೋಡ್ ಹಾಕಿದರೆ ಸಾಕೇ? ಅಲ್ಲೂ ಎಡವುವ ಜಾಗ ಒಂದಿದೆ: ಸೀರಮ್ ಅಥವಾ ಪ್ಲಾಸ್ಮಾದ (ರಕ್ತಕಣ ಬೇರ್ಪಡಿಸಿ ಉಳಿದ ದ್ರವದ) ಈ ಪರೀಕ್ಷೆಗೆ ಮಿಲಿಗ್ರಾಂ ಲೆಕ್ಕದಲ್ಲಿ 1558-6, ಮಿಲಿಮೋಲ್ ಲೆಕ್ಕದಲ್ಲಿ 14771-0. ಅಂಕಿಯನ್ನು ಪರಿವರ್ತಿಸಿ ಕೋಡನ್ನು ಹಳೆಯದೇ ಬಿಡುವ ತಪ್ಪು ತೀರಾ ಸಾಮಾನ್ಯ.

ಹಾಗಾಗಿ ಖರೀದಿಗೆ ಮುಂಚೆ ಪಟ್ಟಿ ಮಾಡಿ. ಕಳೆದ 12 ತಿಂಗಳಲ್ಲಿ ಮಾಡಿದ ಪರೀಕ್ಷೆಗಳನ್ನು ಎಣಿಕೆಯ ಪ್ರಕಾರ ಇಳಿಸಿಕೊಂಡು, ಹೆಚ್ಚು ಬಾರಿ ಬಂದವುಗಳಿಂದ ಶುರು ಮಾಡಿ. ಪ್ರತಿ ಸಾಲಿನಲ್ಲಿ ಸ್ಥಳೀಯ ಹೆಸರು, ಮಾದರಿ ಯಾವುದು (ಸೀರಮೋ, ಮೂತ್ರವೋ, ಬೆರಳಿನ ರಕ್ತವೋ), ಯೂನಿಟ್, ವಿಧಾನ, ಲಾಯಿಂಕ್ ಕೋಡ್, ಒಪ್ಪಿದವರ ಹೆಸರು ಇರಲಿ. ಈ ಕೆಲಸವನ್ನು ಕಂಪ್ಯೂಟರ್ ವಿಭಾಗಕ್ಕೆ ಮಾತ್ರ ಒಪ್ಪಿಸಬೇಡಿ. ಗ್ಲೂಕೋಮೀಟರಿನ ಸಕ್ಕರೆಯನ್ನೂ ಸೀರಮ್ ಸಕ್ಕರೆಯನ್ನೂ ಒಂದೇ ಕೋಡಿಗೆ ಕಟ್ಟಬಾರದೆಂದು ಥಟ್ಟನೆ ಹೇಳುವವರು ಲ್ಯಾಬ್ ಟೆಕ್ನಿಷಿಯನ್. ಕೋಡಿನ ಪಕ್ಕದಲ್ಲೇ ಮೂಲ ಹೆಸರೂ ಸಾಗಲಿ. ಜೋಡಣೆ ತಪ್ಪಿದ್ದರೆ ಹಿಡಿಯುವ ದಾರಿ ಅದೊಂದೇ.

ದಾಖಲೆ ಸಾಗಿಸುವ ರೂಪಕ್ಕೆ, ಆರೋಗ್ಯ ಮಾಹಿತಿ ವಿನಿಮಯದ ಮಾನದಂಡ ರೂಪಿಸುವ ಎಚ್‌ಎಲ್7 ಸಂಸ್ಥೆಯ ‘ಫೈರ್’ ಮಾನದಂಡ; ಸ್ಕ್ಯಾನ್, ಎಕ್ಸ್‌ರೇಯಂಥ ಚಿತ್ರಗಳಿಗೆ ಡೈಕಾಮ್ ಮಾನದಂಡ. ಇದರಲ್ಲಿ ಹೆಚ್ಚು ತಲೆಕೆಡಿಸಿಕೊಳ್ಳುವಂಥದ್ದೇನಿಲ್ಲ.

ಅಲರ್ಜಿಯ ಕಾಲಂ ಮಾತ್ರ ಜೋಪಾನ. ಖಾಲಿ ಇದ್ದರೆ ‘ಕೇಳಿಲ್ಲ’ ಎಂದರ್ಥವೇ ಹೊರತು ‘ಅಲರ್ಜಿ ಇಲ್ಲ’ ಎಂದಲ್ಲ. ‘ತಿಳಿದಂತೆ ಅಲರ್ಜಿ ಇಲ್ಲ’ ಎನ್ನಲು ಸ್ನೋಮೆಡ್ ಸಿಟಿ ಎಂಬ ವೈದ್ಯಕೀಯ ಪದಗಳ ಕೋಡ್ ಪಟ್ಟಿಯಲ್ಲಿ 716186003 ಎಂಬ ಪ್ರತ್ಯೇಕ ಕೋಡೇ ಇದೆ.

ರೋಗಿಯ ಗುರುತಿನ ವಿಷಯಕ್ಕೆ ಬಂದರೆ, ಹೆಸರು ಮತ್ತು ಹುಟ್ಟಿದ ದಿನ ಕೂಡಿದವೆಂದು ದಾಖಲೆಗಳನ್ನು ತಾನಾಗಿ ಬೆಸೆಯುವ ವ್ಯವಸ್ಥೆ ಬೇಡ. ವಯಸ್ಸಷ್ಟೇ ಗೊತ್ತಿದ್ದಾಗ ಎಷ್ಟೋ ಕಡೆ ಜನವರಿ 1 ಎಂದು ನಮೂದಿಸಿಬಿಡುತ್ತಾರೆ. ಆ ತಾರೀಕಿನಲ್ಲಿ ಹೊಂದಾಣಿಕೆ ಕಂಡರೆ ನಂಬಬೇಡಿ. ಒಬ್ಬರಿಗೆ ಎರಡು ಕಡತವಿದ್ದರೆ ಆಮೇಲೆ ಕೂಡಿಸಬಹುದು, ಇಬ್ಬರದು ಒಂದಾದರೆ ಬಿಡಿಸುವುದು ಹರಸಾಹಸ.

‘ಫೈರ್ ಇದೆ’ ಎಂದು ಮಾರಾಟಗಾರರು ಹೇಳಿದರೆ 20 ಕಾಲ್ಪನಿಕ ರೋಗಿಗಳ ದಾಖಲೆ ಕಳಿಸಿ, ವಾಪಸ್ ತರಿಸಿ, ಸಾಲುಸಾಲಾಗಿ ತಾಳೆ ನೋಡಿ. ಅವುಗಳಲ್ಲಿ ಎರಡು ಮೂರು ವರದಿಗಳನ್ನು ಬೇಕೆಂದೇ ತಿದ್ದಿ ಮತ್ತೆ ಕಳಿಸಿ. ತಿದ್ದಿದ ವರದಿ ಹಳೆಯದರ ಜಾಗಕ್ಕೆ ಬರದೆ ಪಕ್ಕದಲ್ಲಿ ಹೊಸ ಫಲಿತಾಂಶವಾಗಿ ಕೂತರೆ, ವರದಿಯ ಗುರುತುಸಂಖ್ಯೆ ದಾರಿಯಲ್ಲೆಲ್ಲೋ ಬದಲಾಗಿರಬಹುದು. ಅದನ್ನು ಸರಿಪಡಿಸಿ ತೋರಿಸುವವರೆಗೆ ಸಹಿ ಹಾಕಬೇಡಿ.