ಕೆಡ್ಡಸದ ದಿನ ಹಾರೆ ಮುಟ್ಟದ ಊರಿನವಳು ನೀನು

ತಂಗಿ, ರಾತ್ರಿ ಪಾಳಿ ಮುಗಿಸಿ ಬಂದು ನಿನ್ನ ಪತ್ರ ಓದಿದೆ. ಬ್ರಹ್ಮಾವರದಿಂದ ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬಂದು ಮೂರು ತಿಂಗಳು, ಹಗಲು ಆಸ್ಪತ್ರೆಯಲ್ಲಿ ದಾದಿ ಕೆಲಸ, ಸಂಜೆ ಊರಿನ ನರ್ಸಿಂಗ್ ಓದಿಗೆ ಇಲ್ಲಿ ಮಾನ್ಯತೆ ಪಡೆಯುವ ಪರೀಕ್ಷೆಯ ಓದು, ಮಂಗಳೂರಿನಲ್ಲಿ ಜರ್ಮನ್ ಕಲಿಯಲು ಮಾಡಿದ ಸಾಲ ಬೇರೆ. "ರಜೆಯ ದಿನ ಮಧ್ಯಾಹ್ನ ಕಣ್ಣು ಮುಚ್ಚಿದರೆ ಕದ್ದು ಮಲಗಿದ ಹಾಗಾಗುತ್ತದೆ. ಮೊದಲ ವರ್ಷ ನೀವು ಹುರುಪು ಹೇಗೆ ಉಳಿಸಿಕೊಂಡಿರಿ ಅಕ್ಕ?" ಎಂದು ಕೇಳಿದ್ದೀಯ.

ಸಣ್ಣ ಪ್ರಶ್ನೆಗಳನ್ನು ಮೊದಲು ಮುಗಿಸುತ್ತೇನೆ. ಚಳಿಯ ಕೋಟನ್ನು ಇಲ್ಲೇ ಕೊಳ್ಳು, ಊರಿನಿಂದ ತಂದದ್ದು ಜನವರಿಗೆ ಸಾಲದು. ಕುಚ್ಚಲಕ್ಕಿ ಶ್ರೀಲಂಕಾ ತಮಿಳರ ಅಂಗಡಿಯಲ್ಲಿ ಸಿಗುತ್ತದೆ. ನಮ್ಮ ಗದ್ದೆಯ ಪರಿಮಳ ಅದಕ್ಕಿಲ್ಲ, ಗಂಜಿಗೆ ಅಡ್ಡಿಯಿಲ್ಲ. ಸಾಲದ ಕಂತು ಹೋಗಿ ಉಳಿದ ಹಣವನ್ನು ಸದ್ಯಕ್ಕೆ ಕೈಯಲ್ಲೇ ಇಟ್ಟುಕೊ.

ನಾನು ಬಂದದ್ದು 2014ರ ನವೆಂಬರಿನ ಒಂದು ಶನಿವಾರ ರಾತ್ರಿ. ಮರುದಿನ ಹಾಲು, ಅಕ್ಕಿ ತರೋಣವೆಂದು ಹೊರಟರೆ ಬೀದಿಯ ಒಂದು ಅಂಗಡಿಯೂ ತೆರೆದಿರಲಿಲ್ಲ. ಬಂದ್ ಇರಬೇಕೆಂದುಕೊಂಡೆ. ಉಡುಪಿಯಲ್ಲಿ ಬಂದ್ ದಿನವೂ ಯಾವುದಾದರೂ ಅಂಗಡಿಯ ಬಾಗಿಲು ಅರ್ಧ ಎತ್ತಿರುತ್ತದೆ. ಅಮ್ಮ ಕಟ್ಟಿಕೊಟ್ಟ ಅವಲಕ್ಕಿಯಲ್ಲಿ ಆ ದಿನ ಕಳೆಯಿತು. ಭಾನುವಾರ ವಿಶ್ರಾಂತಿಯ ದಿನ ಎಂದು ಇವರು 1919ರಲ್ಲೇ ಸಂವಿಧಾನದಲ್ಲಿ ಬರೆದುಕೊಂಡಿದ್ದಾರೆ, 1949ರ ಸಂವಿಧಾನವೂ ಅದನ್ನು ಹಾಗೆಯೇ ಉಳಿಸಿಕೊಂಡಿದೆ ಎಂಬುದು ನನಗೆ ತಿಳಿದದ್ದು ಎಷ್ಟೋ ಕಾಲದ ಮೇಲೆ. ಆಗ ನನಗೆ ಅನಿಸಿದ್ದು ಒಂದೇ: ಇವರು ಮಲಗಿರುವಾಗ ನಾನು ಓದಿದರೆ ಬೇಗ ಮುಂದೆ ಹೋಗುತ್ತೇನೆ.

ಹಾಗೆಯೇ ಮಾಡಿದೆ. ಯಾರಿಗಾದರೂ ಹುಷಾರಿಲ್ಲವೆಂದು ವಾರ್ಡಿನಿಂದ ಫೋನ್ ಬಂದರೆ ನಾನು ಬರುತ್ತೇನೆ ಎನ್ನುತ್ತಿದ್ದೆ. ಮನೆಗೆ ಬಂದು ರಾತ್ರಿ ಎರಡು ಗಂಟೆಯವರೆಗೆ ಪುಸ್ತಕ. ನಮ್ಮವರ ಮಕ್ಕಳು ಕಷ್ಟಕ್ಕೆ ಹೆದರುವವರಲ್ಲ ಎಂಬ ಹೆಮ್ಮೆ ಇತ್ತು, ಈಗಲೂ ಇದೆ. ಫೆಬ್ರವರಿಯಲ್ಲಿ, ಬಿಡುವಿಲ್ಲದೆ ದುಡಿದ ಹತ್ತನೆಯ ದಿನ, ಹಿರಿಯ ದಾದಿಯೊಬ್ಬರ ಪಕ್ಕದಲ್ಲಿ ನಿಂತು ಮರುದಿನದ ಮಾತ್ರೆಗಳನ್ನು ಜೋಡಿಸುತ್ತಿದ್ದೆ. ನೀನು ನೋಡಿರುತ್ತೀಯ, ಬೆಳಗ್ಗೆ, ಮಧ್ಯಾಹ್ನ, ಸಂಜೆ, ರಾತ್ರಿ ಎಂದು ನಾಲ್ಕು ಮನೆಗಳಿರುವ ಆ ಪ್ಲಾಸ್ಟಿಕ್ ಡಬ್ಬಿ. ಒಬ್ಬರ ರಕ್ತದೊತ್ತಡದ ಮಾತ್ರೆಯನ್ನು ಪಕ್ಕದ ಹಾಸಿಗೆಯವರ ಡಬ್ಬಿಗೆ ಹಾಕಿದ್ದೆ. ಪರಿಶೀಲಿಸುತ್ತಿದ್ದ ಆಕೆ ಅದನ್ನು ಬೆರಳ ತುದಿಯಲ್ಲಿ ಎತ್ತಿ ನನ್ನ ಮುಂದೆ ಹಿಡಿದು, "ಕೊನೆಯ ಸಲ ಸರಿಯಾಗಿ ಮಲಗಿದ್ದು ಯಾವಾಗ?" ಎಂದು ಕೇಳಿದರು.

ನಿನ್ನೆ ಚೆನ್ನಾಗಿ ಮಲಗಿದ್ದೆ ಎಂದೆ. ಅದು ಸುಳ್ಳು. ಅಷ್ಟಕ್ಕೇ ನಿಲ್ಲಿಸಲಿಲ್ಲ, ಯಾರಿಗೂ ಹೇಳಬೇಡಿ ಎಂದು ಅಂಗಲಾಚಿದೆ. ರೋಗಿಗೆ ತಲುಪುವ ಮೊದಲೇ ಸಿಕ್ಕಿಬಿದ್ದ ತಪ್ಪನ್ನೂ ಅಲ್ಲಿ ಬರೆದಿಡುತ್ತಿದ್ದರು. ಯಾರನ್ನೂ ಶಿಕ್ಷಿಸಲಿಕ್ಕಲ್ಲ, ಮತ್ತೆ ಆಗದಿರಲಿ ಎಂದು. ಆಕೆ ನನ್ನ ಮುಖ ನೋಡಿ ಬರೆಯದೆ ಬಿಟ್ಟರು. ಆಕೆ ಈಗ ನಿವೃತ್ತರು. ನಿದ್ದೆಗೆಟ್ಟದ್ದನ್ನು ನಾನು ಮರೆತಿದ್ದೇನೆ. ಅಷ್ಟು ವರ್ಷ ನಿಷ್ಠೆಯಿಂದ ದುಡಿದವರ ಕೈಯಲ್ಲಿ ಒಂದು ಸಂಗತಿಯನ್ನು ಮುಚ್ಚಿಡಿಸಿದೆನಲ್ಲ, ಅದನ್ನು ಮರೆಯಲು ಆಗಿಲ್ಲ.

ಆ ವಾರವೇ ಅಮ್ಮ ಫೋನಿನಲ್ಲಿ ಕೆಡ್ಡಸಕ್ಕೆ, ಅಂದರೆ ಭೂಮಿತಾಯಿಗೆ ವಿಶ್ರಾಂತಿ ಕೊಡುವ ನಮ್ಮ ತುಳುನಾಡಿನ ಹಬ್ಬಕ್ಕೆ, ಹುರಿದ ಅಕ್ಕಿ, ಬೆಲ್ಲ ಹಾಕಿ ನನ್ನೆರಿ ಮಾಡಿದ ಸುದ್ದಿ ಹೇಳಿದರು. ನಿಮ್ಮಲ್ಲೂ ಆ ಮೂರು ದಿನ ಹಾರೆ ಮುಟ್ಟುವುದಿಲ್ಲ, ಹಸಿರು ಕೊಯ್ಯುವುದಿಲ್ಲ, ಅಲ್ಲವೇ? ಚಿಕ್ಕಂದಿನಲ್ಲಿ ಒಂದು ಕೆಡ್ಡಸದ ಬೆಳಗ್ಗೆ ಮಲ್ಲಿಗೆ ಗಿಡದ ಬುಡವನ್ನು ಕಡ್ಡಿಯಿಂದ ಕೆದಕುತ್ತಿದ್ದೆ. ಅಜ್ಜಿ ಬಂದು ಕಡ್ಡಿಯನ್ನು ಮೆಲ್ಲಗೆ ತೆಗೆದುಕೊಂಡು, "ಅವಳು ಮಲಗಿದ್ದಾಳೆ" ಎಂದರು. ಆಮೇಲೆ ತುಳಸಿ ಕಟ್ಟೆಯ ಬುಡಕ್ಕೆ ಎಣ್ಣೆ ಬಿಟ್ಟರು. ಮಣ್ಣು ಆ ಎಣ್ಣೆಯನ್ನು ಹೀರಿಕೊಳ್ಳುವುದನ್ನು ನೋಡುತ್ತಾ ನಾನು ಕುಳಿತಿದ್ದೆ. ಭೂಮಿ ಸೋಮಾರಿ ಎಂದು ನಮ್ಮೂರಿನಲ್ಲಿ ಯಾರಾದರೂ ಹೇಳಿದ್ದನ್ನು ನೀನು ಕೇಳಿದ್ದೀಯಾ? ಆಟದ ಕಾಲ ಮುಗಿಯುವ ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಯಕ್ಷಗಾನ ಮೇಳದವರನ್ನು ಯಾರಾದರೂ ಹಾಗೆ ಅಂದಾರೇ?

ಇನ್ನು ನಿನಗೆ ಬೇಕಾದ ನಿಯಮಗಳು. ಎರಡು ಪಾಳಿಗಳ ನಡುವೆ 11 ಗಂಟೆ ಬಿಡುವು ಕಾನೂನಿನದು. ಆಸ್ಪತ್ರೆಗಳಲ್ಲಿ ಅದನ್ನು 10ಕ್ಕೆ ಇಳಿಸಬಹುದು, ಆದರೆ ಇಳಿಸಿದ್ದನ್ನು ಬೇರೆ ದಿನ ತುಂಬಿಕೊಡಬೇಕು. ವಾರಕ್ಕೆ ಐದು ದಿನದ ಕೆಲಸವಾದರೆ ವರ್ಷಕ್ಕೆ ಕನಿಷ್ಠ 20 ದಿನ ಸಂಬಳದ ರಜೆ. ರಜೆಯಲ್ಲಿ ಜ್ವರ ಬಂದು ವೈದ್ಯರು ಚೀಟಿ ಕೊಟ್ಟರೆ ಆ ದಿನಗಳು ರಜೆಯಿಂದ ಕಳೆಯುವುದಿಲ್ಲ. ನಿನ್ನ ಬಿಡುವಿನ ದಿನ ಫೋನ್ ಬಂದರೆ ಒಪ್ಪಲೇಬೇಕೆಂಬ ಕಟ್ಟುಪಾಡು ಸಾಮಾನ್ಯವಾಗಿ ಇಲ್ಲ. "ಇವತ್ತು ಆಗುವುದಿಲ್ಲ" ಎಂಬ ವಾಕ್ಯವನ್ನು ಜರ್ಮನ್‌ನಲ್ಲಿ ಕನ್ನಡಿಯ ಮುಂದೆ ಹೇಳಿ ರೂಢಿಸಿಕೊ, ನನಗೆ ಅದು ಬಾಯಿಗೆ ಬರಲು ಎರಡು ವರ್ಷ ಹಿಡಿಯಿತು.

ಓದಿನ ವಿಷಯ: ಪಾಳಿಗೆ ಹೋಗುವ ಮೊದಲು ಅರ್ಧ ಗಂಟೆ, ಅದೂ ಹಿಂದಿನ ದಿನ ರೋಗಿಗಳ ಬಾಯಿಂದ ಕೇಳಿ ಅರ್ಥವಾಗದ ಮಾತುಗಳು ಮಾತ್ರ. ಪರೀಕ್ಷೆ ಪಾಸಾದದ್ದು ಆ ಅರ್ಧ ಗಂಟೆಗಳಿಂದ, ರಾತ್ರಿ ಎರಡು ಗಂಟೆಯವರೆಗಿನ ಓದಿನಲ್ಲಿ ಒಂದು ಸಾಲೂ ತಲೆಯಲ್ಲಿ ಉಳಿಯಲಿಲ್ಲ. ಇಲ್ಲೇ ಹತ್ತಿರದ ಟ್ಯೂಬಿಂಗನ್‌ನಲ್ಲಿ ತೀರಿಕೊಂಡ ಕಿಟೆಲ್ 1853ರಲ್ಲಿ ನಮ್ಮ ನಾಡಿಗೆ ಬಂದವರು, ಅವರ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ. ನಮ್ಮ ಮಾತಿಗೆ ಅವರು ಅಷ್ಟು ವರ್ಷ ಕೊಟ್ಟರು. ಇವರ ಮಾತಿಗೆ ನೀನು ಒಂದು ಭಾನುವಾರದ ಮಧ್ಯಾಹ್ನವನ್ನು ಕೊಡದಿದ್ದರೆ ಏನೂ ಕೆಡುವುದಿಲ್ಲ.

ಮುಂದಿನ ತಿಂಗಳ ಡ್ಯೂಟಿ ಪಟ್ಟಿ ಬಂದ ಕೂಡಲೇ ನಿನಗೆ ಬಿಡುವಿರುವ ಭಾನುವಾರ ಯಾವುದೆಂದು ತಿಳಿಸು, ನಮ್ಮ ಮನೆಗೆ ಬಾ. ಗಂಜಿ, ಹುರುಳಿ ಚಟ್ನಿ, ಮಾವಿನಕಾಯಿ ಉಪ್ಪಿನಕಾಯಿ ಇರುತ್ತದೆ. ಉಂಡು ಮಲಗು, ನಾಲ್ಕು ಗಂಟೆಯವರೆಗೆ ನಾನು ಎಬ್ಬಿಸುವುದಿಲ್ಲ. ಅಕ್ಕಿಯನ್ನು ಶನಿವಾರವೇ ತಂದಿಡುತ್ತೇನೆ.